ಹೊಸ್ತಿಲಲ್ಲಿ ನಿಂತ ಹೆಸರು

ಇಷ್ಟು ಕಡಿಮೆ ಮಾತಾಡಿ ಅಷ್ಟೊಂದು ಗದ್ದಲ ಎಬ್ಬಿಸಿದವರು ಮಳವಳ್ಳಿ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ! ಕೆಲಸ ಶಿವನಸಮುದ್ರದಲ್ಲಿ, ಊರಿಗೆಲ್ಲ ಕರೆಂಟು ಕಳಿಸುವುದು. ಸ್ವಂತ ಮನೆಯ ಫ್ಯೂಸು ಮಾತ್ರ ವಾರಕ್ಕೆರಡು ಸಲ ಢಮಾರ್!

ಮಾವ ಉಗ್ಗುತ್ತಿದ್ದರು. 'ಪ' ಎದುರಾದರಂತೂ ಮುಗಿಯಿತು. ದೇವರ ಕುಚೋದ್ಯ ನೋಡಿ, ಸಿಕ್ಕ ಹೆಂಡತಿಯ ಹೆಸರು ಪಾರ್ವತಿ! ಮದುವೆಯ ದಿನ ಒಬ್ಬರ ಹೆಸರು ಒಬ್ಬರು ಹೇಳದೆ ಒಳಗೆ ಬಿಡುವುದಿಲ್ಲವೆಂದು ನಮ್ಮಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಮದುಮಗಳು ನಾಚಿಕೊಂಡು ಹೇಳಿಬಿಟ್ಟಳು. ಮಾವ "ಪ... ಪ..." ಎಂದು ಬೆವೆತರು. ನೆಂಟರೆಲ್ಲ ಗೊಳ್ಳೆಂದರು.

"ಯೋಳ್ಲಾ ಅತ್ಲಾಗೆ!" ಎಂದಳು ಅಮ್ಮ.

"ಆಮೇಕ್ ಯೋಳ್ತಾರೆ, ಬುಡಿ ಅಕ್ಕಾ" ಎಂದು ಮದುಮಗಳೇ ಅಮ್ಮನ ಕೈ ಸರಿಸಿ ಒಳಗೆ ಬಂದಳಂತೆ. ಆಮೇಲೂ ಮಾವ ಹೇಳಲಿಲ್ಲ. 'ಇವಳೇ' ಎನ್ನಿಸಿಕೊಂಡೇ ಅತ್ತೆಯ ಸಂಸಾರ ಸಾಗಿತು. ಮಾವನಿಗೆ ಮಾತ್ರ ಆ ಹೆಸರು ಗಂಟಲಲ್ಲೇ ಕೂತಿತ್ತು.

ಎಪ್ಪತ್ತರ ದಶಕದ ಕೊನೆಗೆ ಬೆಂಗಳೂರಿನ ಗೆಳೆಯನಿಂದ ಒಂದು ಕಂಪ್ಯೂಟರ್ ಬೋರ್ಡು, ಗುಜರಿಯಿಂದ ತಂತಿ ಸುದ್ದಿ ಅಚ್ಚೊತ್ತುವ ತಾರಾಫೀಸಿನ ಹಳೇ ಟೆಲಿಪ್ರಿಂಟರು ಮನೆಗೆ ಬಂದವು. ಜೊತೆಗೆ 'ಸಿ' ಎಂಬ ಹೊಸ ಕಂಪ್ಯೂಟರ್ ಭಾಷೆಯ ಪುಸ್ತಕ. ಅದರಲ್ಲಿ 'ಪ್ರಿಂಟ್‌ಎಫ್' ಎಂದು ಬರೆದರೆ ಸಾಕಂತೆ, ಬೇಕಾದ ಮಾತು ಹೊರಗೆ ಬೀಳುತ್ತದಂತೆ! ಅದೆಲ್ಲ ದೊಡ್ಡ ಕಂಪ್ಯೂಟರುಗಳ ಸುಖ. ಮಾವನದು ಬರೀ ಬೋರ್ಡು. ಒಂದೊಂದೇ ಅಕ್ಷರವನ್ನು ಟೆಲಿಪ್ರಿಂಟರಿಗೆ ದಾಟಿಸುವ ದಾರಿಯನ್ನೂ ಅವರೇ ಬರೆಯಬೇಕು. ಬರೆದದ್ದನ್ನು ಬೋರ್ಡಿಗೆ ತಿಳಿಯುವ ಅಂಕಿಗಳಾಗಿಸಲು ಇನ್ನೊಂದು ಕಂಪ್ಯೂಟರ್ ಬೇಕು. ಎಲ್ಲಿಂದ ತರುವುದು? ಆ ಕಂಪ್ಯೂಟರೂ ಮಾವನೇ! ಪೆನ್ಸಿಲ್ ಹಿಡಿದು ಅಂಕಿ ಮಾಡಿ, ಗುಂಡಿ ಒತ್ತಿ ಒತ್ತಿ ತುಂಬುವರು. ಫ್ಯೂಸು ಹಾರಿದರೆ ಮತ್ತೆ ಮೊದಲಿನಿಂದ.

"ಏನ್ ಕಣವ್ವ, ನಿನ್ ಗಂಡ ಮನೇಲೇ ತಾರಾಪೀಸು ಮಡೀಕಂಡವ್ನಾ?" ಎಂದು ಪಕ್ಕದ ಮನೆಯ ನಿಂಗಮ್ಮ ಕೇಳಿದರೆ ಅತ್ತೆ, "ಮಡೀಕಳ್ಳಿ ಬುಡಕ್ಕ, ಕುಡ್ಕಂಡ್ ಬರೋದ್ಕಿಂತ ವಾಸಿ" ಎನ್ನುತ್ತಿದ್ದರು.

ಮಂಡ್ಯದಲ್ಲಿ ಟೀಚರಾಗಿದ್ದ ನಾನು ಒಂದು ಭಾನುವಾರ ಹೋದಾಗ ಟೆಲಿಪ್ರಿಂಟರು ಇಂಗ್ಲಿಷಿನಲ್ಲಿ 'ಪಿ ಆರ್ ಎ ಎಚ್' ಎಂದು ಕಕ್ಕಿತು. ಅಕ್ಷರ ಬಿಟ್ಟು ಅಕ್ಷರ ನುಂಗಿತ್ತು. ಯಾರ ಹೆಸರೆಂದು ಹೊಳೆದು ನಾನು ಅಡಿಗೆಮನೆಯ ಕಡೆ ನೋಡಿದೆ.

"ಇ-ಇದೂ ನನ್ನಂಗೇ ಕಣವ್ವ" ಎಂದರು ಮಾವ.

ಊಟಕ್ಕೆ ಕೂತೆವು. "ಪ... ಪ..." ಎಂದು ಮಾವ ತೊಡಗಿದರು. ಪಲ್ಯವೆಂದು ಯಾರಿಗೆ ತಿಳಿಯದು? ನಾನು ಬಾಯಿ ಹಾಕಹೊರಟರೆ ಸೌಟು ಹಿಡಿದು ನಿಂತಿದ್ದ ಅತ್ತೆ ಗದರಿದರು: "ಸುಮ್ಕಿರು. ಅವ್ರ್ ಮಾತು ಅವ್ರೇ ಮುಗುಸ್ಲಿ."

"ಪಲ್ಯ" ಎಂದದ್ದೇ ಮಾವ, ಮಾತು ಮುಗಿಯುವ ತನಕ ಕಾದಿದ್ದ ಸೌಟನ್ನೇ ದಿಟ್ಟಿಸಿದರು. "ಅ-ಅಷ್ಟೇ ಕಣೇ!" ಎಂದು ಎಂಜಲು ಕೈಯಲ್ಲೇ ಎದ್ದು ಓಡಿದರು. ಒಂದಕ್ಷರ ಅಚ್ಚಾಗಿ ಮುಗಿಯುವ ತನಕ ಬೋರ್ಡು ಕಾಯಬೇಕಿತ್ತು. ಇದು ಕಾಯದೆ ಮುಂದಿನದನ್ನು ತಳ್ಳುತ್ತಿತ್ತು!

ಸಂಜೆಗೆ ಪೂರ್ತಿ ಹೆಸರು ಅಚ್ಚಾಯಿತು. ಮಾವ ಕಾಗದ ಹರಿದು ಅತ್ತೆಯ ಕೈಗಿಟ್ಟರು.

"ನಂಗೆ ಇಂಗ್ಲೀಸ್ ಎಲ್ ಬತ್ತದೆ? ಏನಂತ ಬರ್ದದೆ?"

ನೋಡಿದಿರಾ! ಇಷ್ಟೆಲ್ಲ ಕಟ್ಟಿದ ಮೇಲೂ ಬಾಯಿಬಿಟ್ಟು ಹೇಳಬೇಕಾದವರು ಮಾವನೇ! ನನ್ನ ನಾಲಿಗೆಯ ತುದಿಗೇ ಬಂದಿತ್ತು. ಕಚ್ಚಿಕೊಂಡೆ.

"ಪ... ಪ..."

ಅತ್ತೆ ಕಾದರು.

"ಪಾ... ಪಾರ್ವತಿ."

ಅತ್ತೆ ಅಂಗಳಕ್ಕಿಳಿದರು. ಸೆರಗು ಸರಿಮಾಡಿಕೊಂಡು ಬಂದು ಹೊಸ್ತಿಲಾಚೆ ನಿಂತರು. ಕೆನ್ನೆಯೆಲ್ಲ ಒದ್ದೆ. ನನ್ನ ಕಣ್ಣೂ ತುಂಬಿತ್ತು.

"ಯೋಳುದ್ರಲ್ಲ, ಈಗ ಒಳೀಕ್ ಬತ್ತೀನಿ" ಎಂದು ಬಲಗಾಲು ಮುಂದಿಟ್ಟರು.