ನಾಲ್ಕನೆಯ ಪ್ರಕಾರದ ಕಾಸಿಮಸಾಬ

ಮನುಷ್ಯರಲ್ಲಿ ಮೂರೇ ಪ್ರಕಾರದವರಿದ್ದಾರೆ ಎಂಬ ಸಂಗತಿಯನ್ನು ಹುಬ್ಬಳ್ಳಿ-ಧಾರವಾಡ ಟಾಂಗಾ ಶಿಸ್ತು ಮಂಡಳಿಯು ೧೯೩೬ನೆಯ ಇಸವಿಯ ಜೂನ್ ತಿಂಗಳಲ್ಲಿ ಐದು ಮತಗಳಿಂದ ಅಂಗೀಕರಿಸಿತು. ಎರಡು ಮತಗಳು ವಿರುದ್ಧ ಬಿದ್ದವು. ಆ ಇಬ್ಬರೂ ಅರಳೆ ವ್ಯಾಪಾರಿಗಳು. ಜಗತ್ತಿನಲ್ಲಿ ಕೊಡುವವರು, ತಗೊಳ್ಳುವವರು ಎಂದು ಎರಡೇ ಪ್ರಕಾರ ಎಂಬುದು ಅವರ ಅನುಭವ. ಪರವಾಗಿ ಕೈ ಎತ್ತಿದ ಐವರಲ್ಲಿ ನಾನೂ ಒಬ್ಬ. ಚಹಾ ಬಂದು ಆರುತ್ತಿತ್ತು.

ಠರಾವು ತಂದವರು ಮಂಡಳಿಯ ಕಾರ್ಯದರ್ಶಿ ಕುಬೇರಪ್ಪನವರು. ಪುಣೆಯಿಂದ ಅವರು ಮನಸ್ಸಿನ ಶಾಸ್ತ್ರದ ಒಂದು ಇಂಗ್ಲಿಷ್ ಪುಸ್ತಕ ತರಿಸಿದ್ದರು. ಅರ್ಧ ಓದಿದ್ದರು. ಉಳಿದರ್ಧದ ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಬಂದಿದ್ದವು, ಅಂಚು ಕತ್ತರಿಸಿರಲಿಲ್ಲ, ಕತ್ತರಿಸಲು ಮೇಲಿನಿಂದ ಮಂಜೂರಾತಿ ಬರಬೇಕಿತ್ತು. ಓದಿದಷ್ಟರ ಪ್ರಕಾರ ಮನುಷ್ಯ ಅಂತರ್ಮುಖಿಯಾಗಿರುತ್ತಾನೆ, ಬಹಿರ್ಮುಖಿಯಾಗಿರುತ್ತಾನೆ, ಇಲ್ಲವೇ ಎರಡರ ನಡುವಿನ ಉಭಯಮುಖಿಯಾಗಿರುತ್ತಾನೆ. ಮರುದಿನವೇ ಪ್ರಕಟಣೆ ಹೊರಟಿತು:

“ಅಂತರ್ಮುಖಿ ಟಾಂಗಾದವರು ವಕೀಲರನ್ನೂ ಸೂತಕದ ಮನೆಯವರನ್ನೂ ಒಯ್ಯತಕ್ಕದ್ದು. ಬಹಿರ್ಮುಖಿಗಳು ಬೀಗರನ್ನು ಒಯ್ಯತಕ್ಕದ್ದು. ಉಳಿದವರನ್ನು ಉಭಯಮುಖಿಗಳು ಒಯ್ಯತಕ್ಕದ್ದು. ತನ್ನ ಪ್ರಕಾರ ಯಾವುದೆಂದು ದಾಖಲೆ ಇಲ್ಲದವನು ಲಗಾಮು ಹಿಡಿಯತಕ್ಕದ್ದಲ್ಲ.”

ಕಾಸಿಮಸಾಬ ಹದಿನೆಂಟು ವರ್ಷಗಳಿಂದ ಸ್ಟೇಷನ್ನಿನಿಂದ ದುರ್ಗದಬೈಲಿಗೆ ಟಾಂಗಾ ಹೊಡೆಯುತ್ತಿದ್ದವನು. ಮನೆಯಲ್ಲಿ ಆರು ಬಾಯಿ, ಎಲ್ಲವೂ ಅವನ ಪರವಾನಗಿಯ ಹಿತ್ತಾಳೆ ಬಿಲ್ಲೆಯ ಮೇಲೆ ನಿಂತಿದ್ದವು. ಪ್ರತಿ ಜೂನಿನಲ್ಲಿ ಮಂಡಳಿಯ ಬೇವಿನ ಗಿಡದ ಕೆಳಗೆ ಕುದುರೆ ತಂದು ತೋರಿಸಬೇಕು. ಗುಮಾಸ್ತ ಹನುಮಪ್ಪ ನಾಲ್ಕು ಮಾತು ಕೇಳಿ ಬರೆದುಕೊಂಡರೆ ಬಿಲ್ಲೆ ಇನ್ನೊಂದು ವರ್ಷ ನಡೆಯುತ್ತದೆ. ಆ ಸಲವೂ ಕಾಸಿಮಸಾಬ ತನ್ನ ಹೆಣ್ಣುಕುದುರೆ ಸಿತಾರಾಳ ಗೊರಸಿಗೆ ಎಣ್ಣೆ ಹಚ್ಚಿ ಕರೆತಂದ. ಪ್ರಶ್ನೆಗಳು ಹೊಸವು, ಅವು ಕುದುರೆಯ ಬಗ್ಗೆಯಲ್ಲ, ತನ್ನ ಬಗ್ಗೆ ಎಂದು ಯಾರೂ ಅವನಿಗೆ ಹೇಳಲಿಲ್ಲ.

ಹನುಮಪ್ಪ ಫಾರ್ಮು ನೋಡಿ, ಗದ್ದಲದಾಗ ಸ್ವಭಾವ ಹೆಂಗ ಎಂದ. ಬಂಗಾರದಂಥಾದ್ದು, ಬ್ಯಾಂಡು ಬಾರಿಸಿದರೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯುವುದುಂಟು ಎಂದು ಕಾಸಿಮಸಾಬ ಹೆಮ್ಮೆಯಿಂದ ಹೇಳಿದ. ಗುರುತಿಲ್ಲದವರು ಹತ್ತಿರ ಬಂದರೆ? ಮೊದಲು ಮೂಸಿ ನೋಡುವುದು, ಕೈಯಲ್ಲಿ ಬೆಲ್ಲ ಇದ್ದರೆ ಚಿಂತೆಯಿಲ್ಲ. ಹಿಂದಿನಿಂದ ಬಂದರೆ? ಒದೆಯುವುದು, ಆದರೆ ಒಂದೇ ಸಲ. ಸಿಟ್ಟು? ಹುಟ್ಟಿದಂದಿನಿಂದ ಕಚ್ಚಿದ್ದು ಒಬ್ಬ ಪೊಲೀಸನನ್ನು, ಅದೂ ಟೋಪಿಯನ್ನಷ್ಟೇ. ಬೇಸರವಾದಾಗ? ಮಣ್ಣಿನಲ್ಲಿ ಉರುಳಾಡಿ ಎದ್ದರೆ ಹಗುರ. ನಿದ್ದೆ? ನಿಂತಲ್ಲೇ. ಹನುಮಪ್ಪ ಕೇಳಿದ್ದನ್ನು ಬರೆಯುವವನೇ ಹೊರತು ಯೋಚಿಸುವವನಲ್ಲ. ಹಾಗೆ ನಡೆದುಕೊಂಡೇ ಇಪ್ಪತ್ತು ವರ್ಷ ಒಂದು ಮೆಮೋ ಇಲ್ಲದೆ ನೌಕರಿ ಮಾಡಿದ್ದ.

ಆ ಕಾಗದ ಓದಿ ಕುಬೇರಪ್ಪನವರಿಗೆ ಕುಳಿತಲ್ಲಿ ಕೂಡಲಾಗಲಿಲ್ಲ. ಇಂಥ ಮನುಷ್ಯ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಪುಸ್ತಕದ ಕತ್ತರಿಸದ ಹಾಳೆಗಳಲ್ಲಿ ಇವನೇ ಇರಬೇಕೆಂದು ಅವರು ತರ್ಕಿಸಿದರು, ತಮ್ಮ ಅಧಿಕಾರದಲ್ಲಿಯೇ ನಾಲ್ಕನೆಯ ಪ್ರಕಾರವನ್ನು ಸ್ಥಾಪಿಸಿದರು. ತಾನೇ ಬೆದರಿ ಒದೆಯುವವನ ಕೈಗೆ ಲಗಾಮು ಕೊಡುವುದು ಪ್ರಯಾಣಿಕರ ಹಿತಕ್ಕೆ ವಿರುದ್ಧವಾದ್ದರಿಂದ ಬಿಲ್ಲೆ ಜಪ್ತಾಯಿತು.

ಕಾಸಿಮಸಾಬ ಕಚೇರಿಗೆ ಓಡಿಬಂದ. ನಾನು ಅಲ್ಲಿಯೇ ಕುಳಿತಿದ್ದೆ.

“ಸಾಹೇಬ್ರ, ಅದು ನನ್ನ ಸ್ವಭಾವ ಅಲ್ರಿ. ನಮ್ಮ ಸಿತಾರಾಂದು.”

“ತನ್ನ ಸ್ವಭಾವ ಕುದುರಿ ಮ್ಯಾಲ ಹೊರಸೋದು ನಾಲ್ಕನೇ ಪ್ರಕಾರದವರ ಮೊದಲನೇ ಲಕ್ಷಣ,” ಎಂದರು ಕುಬೇರಪ್ಪನವರು. “ಬರಕೋ ಹನುಮಪ್ಪ. ಅಲ್ಲೋ ಕಾಸಿಮಸಾಬ, ನಿನ್ನ ಬಗ್ಗೆ ಕೇಳಿದ್ರ ನೀ ಕುದುರಿದು ಯಾಕ ಹೇಳಿದಿ?”

“ಹದಿನೆಂಟು ವರ್ಷ ಆತ್ರಿ, ಈ ಗಿಡದ ಕೆಳಗ ಬರಾಕತ್ತೇನಿ. ಕುದುರಿ ಹೊಟ್ಟಿತುಂಬ ತಿಂತೈತೇನು, ಕುದುರಿ ಕಾಲು ನೋಯತಾವೇನು, ಇದನ್ನ ಕೇಳೀರಿ. ಒಂದ ದಿನಾನೂ ನನ್ನ ಕೇಳಿಲ್ಲ. ಈ ವರ್ಷ ನನ್ನನ್ನ ಕೇಳಾಕತ್ತಾರ ಅಂತ ನಾ ಹೆಂಗ ತಿಳಕೋಬೇಕ್ರಿ?”

ನನಗೆ ನಿಜವಾಗಿ ನಾಚಿಕೆಯಾಯಿತು. ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಕುಬೇರಪ್ಪನವರು ನ್ಯಾಯವಂತರು. ಅರ್ಜಿದಾರನ ಸ್ವಭಾವವನ್ನು ಹತ್ತಿರದಿಂದ ಬಲ್ಲವರು ಸಾಕ್ಷಿ ಹೇಳಬಹುದು ಎಂದು ಅಲ್ಲಿಯೇ ಒಂದು ನಿಯಮ ಬರೆದು, ಕಾಸಿಮಸಾಬನ ಹೆಂಡತಿ ರೆಹಮತ್‌ಬಿಯನ್ನು ಕರೆಸಿದರು. ಗಂಡನ ಬಿಲ್ಲೆ ಬಿಡಿಸಿಕೊಳ್ಳಲೆಂದೇ ಆಕೆ ಬಂದಿದ್ದಳು. ಆದರೆ ಪ್ರಮಾಣ ಮಾಡಿಸಿದ ಮೇಲೆ ಸುಳ್ಳು ಹೇಳುವ ಹೆಂಗಸಲ್ಲ.

“ಖರೇ ಹೇಳಬೇಕಂದ್ರ, ಹಿಂದಿಂದ ಕರದ್ರ ಓ ಅನ್ನೂದಿಲ್ರಿ. ಮುಂದ ಗಂಗಾಳ ಇಟ್ರ ಅದು ಖಾಲಿ ಆಗೂತನಾ ತಲಿ ಎತ್ತೂದಿಲ್ಲ. ಉಂಡ ಮ್ಯಾಲ ಕೆಲಸಾ ಹೇಳಿದ್ರ ಕಿವಿ ಹಿಂದಕ್ಕ ಹೋಗತಾವು. ಆದ್ರ ಮನಿ ಹಾದಿ ಎಂದೂ ತಪ್ಪಿಲ್ರಿ, ಅದನ್ನೂ ಬರಕೋರಿ.”

ಅದನ್ನೂ ಬರೆದುಕೊಂಡರು. ಕಾಸಿಮಸಾಬ ಹೆಂಡತಿಯ ಮುಖ ನೋಡಿದ, ಆಕೆ ಸೆರಗು ಸರಿಮಾಡಿಕೊಂಡಳು. ಮೊಕದ್ದಮೆ ಅಲ್ಲಿಗೆ ಮುಗಿಯಿತು.

ಆದರೂ ಆರು ಬಾಯಿಯ ಪ್ರಶ್ನೆ ಉಳಿದಿತ್ತು. ಟಾಂಗಾ ನಿಂತರೆ ಮಂಡಳಿಗೂ ವಾರ್ಷಿಕ ಫೀ ನಷ್ಟ. ನಿಯಮ ತೆಗೆದು ನೋಡಿದಾಗ, ಟಾಂಗಾದೊಡನೆ ಇರುವವರಲ್ಲಿ ಒಬ್ಬರಾದರೂ ಠರಾವಿನ ಮೂರು ಪ್ರಕಾರಗಳಲ್ಲಿ ಒಂದರವರಿದ್ದರೆ ಸಾಕು ಎಂದಿತ್ತು. ಕಾಸಿಮಸಾಬನನ್ನು ಬಿಟ್ಟರೆ ಟಾಂಗಾದೊಡನೆ ಇದ್ದವಳು ಸಿತಾರಾ. ಅವಳಿಗೂ ಹನ್ನೆರಡು ಪ್ರಶ್ನೆ ಹಾಕಲಾಯಿತು. ಹನ್ನೆರಡಕ್ಕೂ ಮೌನ. ತನ್ನನ್ನು ತಾನು ಹೊಗಳಿಕೊಳ್ಳಲಿಲ್ಲ, ಇನ್ನೊಬ್ಬರನ್ನು ದೂರಲಿಲ್ಲ, ಶಾಸಕರ ಪರಿಚಯ ಹೇಳಲಿಲ್ಲ. ಇಷ್ಟು ಅಪ್ಪಟ ಅಂತರ್ಮುಖಿಯನ್ನು ತಾವು ಕಂಡಿಲ್ಲವೆಂದು ಕುಬೇರಪ್ಪನವರು ಷರಾ ಬರೆದರು. ಬಿಲ್ಲೆಯನ್ನು ಅವಳ ಕೊರಳಿಗೆ ಕಟ್ಟಲಾಯಿತು. ಕಾಸಿಮಸಾಬ ಅವಳ ಉಸ್ತುವಾರಿಯಲ್ಲಿ ಮುಂದಿನ ಹಲಗೆಯ ಮೇಲೆ ಸುಮ್ಮನೆ ಕುಳಿತುಕೊಳ್ಳಬೇಕೆಂದು ಹುಕುಂ ಆಯಿತು. ಇದಕ್ಕೂ ನಾನು ಕೈ ಎತ್ತಿದೆ.

ಅಂತರ್ಮುಖಿಯ ಪಾಲಿಗೆ ಬಂದ ವಕೀಲರು ಸ್ಟೇಷನ್ನಿನಲ್ಲಿ ಇಳಿದು ಸಿತಾರಾಳಿಗೆ ವಿಳಾಸ ಹೇಳತೊಡಗಿದರು. ಹುಬ್ಬಳ್ಳಿಯ ಹಾದಿಗಳೆಲ್ಲ ಅವಳಿಗೆ ಮೊದಲೇ ಪಾಠವಾಗಿದ್ದವು. ಬಾಡಿಗೆಗೆ ಚೌಕಾಸಿ ಮಾಡಿದರೆ ಉತ್ತರ ಬರುತ್ತಿರಲಿಲ್ಲ, ವಕೀಲರೇ ಸೋತು ಕೊಡುತ್ತಿದ್ದರು.

ಕಾಸಿಮಸಾಬ ಮಾತ್ರ ಬಿಲ್ಲೆ ಮರಳಿ ಕೇಳುವ ಮೇಲ್ಮನವಿಯ ಕಾಗದ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಅಷ್ಟರಲ್ಲಿ ಬೆದರುವ, ಒದೆಯುವ, ನಿಂತು ಮಲಗುವ ಎಲ್ಲರಿಗೂ ಮಂಡಳಿಯ ಪ್ರಾಣಿ ನಿಯಮಗಳು ಅನ್ವಯಿಸುತ್ತವೆ ಎಂಬುದು ಕುಬೇರಪ್ಪನವರ ಗಮನಕ್ಕೆ ಬಂತು. ಮಧ್ಯಾಹ್ನ ಎರಡು ತಾಸು ನೆರಳು. ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ದುಡಿಸಕೂಡದು. ಹೊಡೆದವರಿಗೆ ಐದು ರೂಪಾಯಿ ದಂಡ. ಪ್ರತಿ ಸೋಮವಾರ ಕಾರ್ಯದರ್ಶಿಯವರು ಖುದ್ದಾಗಿ ಕ್ಷೇಮ ವಿಚಾರಿಸತಕ್ಕದ್ದು.

ಮೊದಲ ಸೋಮವಾರ ಕುಬೇರಪ್ಪನವರು ಗಿಡದ ಕೆಳಗೆ ನಿಂತು, “ಉಂಡಿಯೇನು? ಕಾಲು ನೋಯತಾವೇನು?” ಎಂದರು. ಕಾಸಿಮಸಾಬ ಸಿತಾರಾಳ ಗೊರಸು ಎತ್ತಿ ತೋರಿಸಿದ. ಎರಡನೆಯ ಸೋಮವಾರ, ಎಡಮೊಣಕಾಲು ಆರು ವರ್ಷದಿಂದ ನೋಯುತ್ತಿದೆ ಎಂದ. ದನದ ಡಾಕ್ಟರು ಬಂದು ಎಣ್ಣೆ ಕೊಟ್ಟರು, ನೋವು ಹೋಯಿತು. ಮೂರನೆಯ ಸೋಮವಾರ ಮೇಲ್ಮನವಿಯ ಕಾಗದದಲ್ಲಿ ಬೆಲ್ಲ ಕಟ್ಟಿ ಸಿತಾರಾಳಿಗೆ ತಂದ.

ಸುದ್ದಿ ಸ್ಟ್ಯಾಂಡಿಗೆ ಮುಟ್ಟಲು ತಡವಾಗಲಿಲ್ಲ. ಬಡೇಸಾಬ, ಖಾದರಬಾಷಾ, ಹೀಗೆ ಅರವತ್ತೊಂದು ಟಾಂಗಾದವರೂ ಹೆಂಡಂದಿರನ್ನು ಸಾಕ್ಷಿಗೆ ಕರೆತಂದು ನಾಲ್ಕನೆಯ ಪ್ರಕಾರಕ್ಕೆ ಅರ್ಜಿ ಹಾಕಿದರು. ಒಬ್ಬ ಹೆಂಗಸೂ ಗಂಡನ ವಿರುದ್ಧ ಹೇಳಿಕೆ ಕೊಡಲು ಹಿಂಜರಿಯಲಿಲ್ಲ. ಬಿಲ್ಲೆಗಳೆಲ್ಲ ಕುದುರೆಗಳ ಹೆಸರಿಗೆ ವರ್ಗವಾದವು. ಆಮೇಲೆ ಹನುಮಪ್ಪನೂ ಅರ್ಜಿ ಕೊಟ್ಟು ನೆರಳಿಗೆ ಹೋದ. ಅವನ ಜಾಗಕ್ಕೆ ರಾಯಾಪುರದಿಂದ ಒಂದು ಕತ್ತೆ ಬಂದಿದೆ, ಬರವಣಿಗೆ ಕಡಿಮೆಯಾದರೂ ಕಾಗದದಲ್ಲಿ ತಪ್ಪುಗಳಿಲ್ಲ.

ಕುಬೇರಪ್ಪನವರ ಅರ್ಜಿ ಮಾತ್ರ ಇನ್ನೂ ಮಂಡಳಿಯ ಮುಂದಿದೆ. ತಮ್ಮನ್ನು ಉಂಡಿರೇನು ಎಂದು ಕೇಳುವವರು ಯಾರೂ ಇಲ್ಲವೆಂದು ಅದರಲ್ಲಿ ಬರೆದಿದ್ದಾರೆ. ಅವರ ಕುರ್ಚಿಗೆ ತಕ್ಕ ಕುದುರೆಯನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಹದಿನಾಲ್ಕು ಕುದುರೆಗಳನ್ನು ನೋಡಿದೆ. ಪುಸ್ತಕವನ್ನು ಅರ್ಧಕ್ಕೇ ಬಿಡುವಂಥದ್ದು ಒಂದೂ ಸಿಕ್ಕಿಲ್ಲ.