ಐನೂರ ತೊಂಬತ್ತೆರಡು ವರ್ಷದ ಅತಿಥಿ

ಪ್ರಯೂನ್: ಅಂದರೆ ತಪ್ಪು ಮಲಾವಿಯವರದು ಅಂತೀರಿ.

ಲಮ್ಯಾಯ್: ತಪ್ಪು ಯಾರದು ಅಂತ ನಾನು ಹೇಳಲಿಲ್ಲ. ಈ ವರ್ಷ 2568. ಆಹ್ವಾನ ಪತ್ರದಲ್ಲಿ ಅದನ್ನ 2568 ಅಂತ ಬರೆದೆ ಅಂದೆ. ಗೋಡೆ ಮೇಲೆ ಕ್ಯಾಲೆಂಡರ್ ಇದೆ ನೋಡಿ, ಅಜಾನ್. ಅಕ್ಕಿ ಗಿರಣಿಯವರು ಕೊಟ್ಟಿದ್ದು, ಅಂಕಿ ದಪ್ಪಗಿವೆ.

ಪ್ರಯೂನ್: ಮಲಾವಿ ದೇಶದಲ್ಲಿ ನಮ್ಮೂರ ಗಿರಣಿಯ ಕ್ಯಾಲೆಂಡರ್ ನೇತು ಹಾಕಿದಾರಾ? ಅಲ್ಲಿನ ಲೆಕ್ಕಕ್ಕೆ ಇದು 2025. ನಮ್ಮ ಸಮ್ಮೇಳನಕ್ಕೆ ಇನ್ನೂ ಐನೂರ ನಲವತ್ತಮೂರು ವರ್ಷ ಇದೆ, ಇಷ್ಟು ಬೇಗ ವೀಸಾ ಯಾಕಮ್ಮ ಅಂತ ಕೇಳಿ ನಾವು ಕರೆದ ಅತಿಥಿಯನ್ನ ವಾಪಸು ಕಳಿಸಿದಾರೆ.

ಲಮ್ಯಾಯ್: ಕೆಲಸವನ್ನ ಮುಂಚಿತವಾಗಿ ಮಾಡಿಕೋಬೇಕು ಅಂತ ಸಭೆಯಲ್ಲಿ ದಿನಾ ಹೇಳೋರು ನೀವೇ.

ಪ್ರಯೂನ್ ಕುರ್ಚಿ ಎಳೆದುಕೊಂಡು ಕುಳಿತರು. ಮೆಕಾಂಗ್ ನದಿಯ ದಡದ ಆ ಸಣ್ಣ ವಿಶ್ವವಿದ್ಯಾಲಯದಲ್ಲಿ ಅವರು ಮೂವತ್ತೊಂದು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಊರೆಲ್ಲ ಅವರನ್ನು ಅಜಾನ್, ಎಂದರೆ ಮೇಷ್ಟ್ರು, ಎಂದೇ ಕರೆಯುತ್ತಿತ್ತು. ಮುಂದಿನ ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಪ್ರೊಫೆಸರ್ ಆಗಬೇಕೆಂದರೆ ಅವರ ಕಡತಕ್ಕೆ ಒಂದೇ ಒಂದು ಕೊರತೆ: ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದ ದಾಖಲೆ. ಅದಕ್ಕಾಗಿಯೇ ಮುಂದಿನ ಗುರುವಾರ ಸಿಹಿನೀರಿನ ಬಸವನಹುಳುಗಳ ಸಮ್ಮೇಳನ ಏರ್ಪಾಡಾಗಿತ್ತು. ಬರಲೊಪ್ಪಿದ್ದ ಐವರು ವಿದೇಶಿಯರಲ್ಲಿ ನಾಲ್ವರು ಒಂದೊಂದು ನೆಪ ಹೇಳಿ ಜಾರಿಕೊಂಡಿದ್ದರು. ಉಳಿದಿದ್ದವರು ಮಲಾವಿಯ ಡಾಕ್ಟರ್ ಚಿಕೊಂಡಿ ಮ್ವಾಲೆ ಒಬ್ಬರೇ. ಅವರೂ ಬಾರದಿದ್ದರೆ ಉಳಿಯುವುದು ಜಿಲ್ಲೆಯ ಮೂವತ್ತೆಂಟು ಮೇಷ್ಟ್ರುಗಳ ಚಹಾಕೂಟ.

ಲಮ್ಯಾಯ್ ಕಚೇರಿಯ ಕಾರ್ಯದರ್ಶಿ. ಎರಡು ವರ್ಷದ ಹಿಂದೆಯೇ ನಿವೃತ್ತರಾಗಿದ್ದರು. ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬುದು ಬೇರೆ ಯಾರಿಗೂ ತಿಳಿಯದ ಕಾರಣ ಅವರನ್ನು ಮತ್ತೆ ಕರೆತಂದು ಕೂರಿಸಿದ್ದರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಪ್ರಯೂನ್ ಅವರನ್ನು ‘ಪೀ’, ಎಂದರೆ ಅಕ್ಕ, ಎನ್ನುತ್ತಿದ್ದರು. ಸಿಟ್ಟು ಬಂದಾಗ ಇನ್ನೂ ಒತ್ತಿ ಎನ್ನುತ್ತಿದ್ದರು.

ಪ್ರಯೂನ್: ಕೇಳಿ, ಪೀ ಲಮ್ಯಾಯ್, ಅಲ್ಲಿನ ವೀಸಾ ಏಜೆನ್ಸಿಯ ಗುಮಾಸ್ತ ಏನೇನು ಬರೆದಿದಾನೆ ಅಂತ. ಪ್ರವಾಸ ಮುಗಿದ ಮೇಲೂ ಪಾಸ್‌ಪೋರ್ಟಿಗೆ ಆರು ತಿಂಗಳು ಜೀವ ಇರಬೇಕಂತೆ. ಆಕೆಯದು 2031ಕ್ಕೆ ಮುಗಿಯುತ್ತೆ. ಐನೂರ ಮೂವತ್ತೇಳು ವರ್ಷ ಕಡಿಮೆ ಬಿತ್ತು.

ಲಮ್ಯಾಯ್: ನವೀಕರಿಸಿಕೊಳ್ಳಲಿ.

ಪ್ರಯೂನ್: ವಾಪಸು ಹೋಗೋ ವಿಮಾನದ ಟಿಕೆಟ್ಟೂ ಅದೇ ವರ್ಷದ್ದು ಬೇಕಂತೆ. ಹೋಟೆಲ್ ಕೋಣೆ ಕಾದಿರಿಸಿದ ಚೀಟಿಯೂ ಬೇಕಂತೆ. ಕೊನೇಲಿ ಇನ್ನೊಂದು ಬರೆದಿದಾನೆ: ‘ಅರ್ಜಿದಾರರು ಹುಟ್ಟಿದ್ದು 1976. ಸಮ್ಮೇಳನದ ದಿನಕ್ಕೆ ಅವರಿಗೆ 592 ವರ್ಷ ಆಗಿರುತ್ತದೆ. ಪ್ರಯಾಣಕ್ಕೆ ದೇಹಸ್ಥಿತಿ ಸರಿಯಿದೆ ಎಂಬ ವೈದ್ಯರ ಪತ್ರ ಲಗತ್ತಿಸಿ.’

ಲಮ್ಯಾಯ್: ಕೆಲಸ ಗೊತ್ತಿರೋ ಗುಮಾಸ್ತ. ನಮ್ಮಲ್ಲಿ ಅಂಥವರು ಎಲ್ಲಿದಾರೆ.

ಹಾಗೆ ಹೇಳಿ ಲಮ್ಯಾಯ್ ಬಿದಿರು ಬುಟ್ಟಿಯಿಂದ ಅಂಟಕ್ಕಿ ಅನ್ನ ಚಿವುಟಿ, ಉಂಡೆ ಕಟ್ಟಿ, ಖಾರದ ಗೊಜ್ಜಿಗೆ ಅದ್ದಿಕೊಂಡರು. ತುತ್ತು ಮುಗಿಯುವವರೆಗೆ ಪ್ರಯೂನ್ ಕಾದರು. ಊಟ ಮಾಡುವವರನ್ನು ಬೈಯುವ ಅಭ್ಯಾಸ ಅವರಿಗಿರಲಿಲ್ಲ.

ಪ್ರಯೂನ್: ಹೊರದೇಶಕ್ಕೆ ಹೋಗೋ ಪತ್ರದಲ್ಲಿ ಬುದ್ಧ ಶಕ ಯಾಕೆ ಹಾಕಿದಿರಿ?

ಲಮ್ಯಾಯ್: ಗರುಡ ಮುದ್ರೆಯ ಸರ್ಕಾರಿ ಕಾಗದ ಅದು. ಗರುಡನ ಕೆಳಗೆ ಬುದ್ಧ ಶಕವೇ ಇರಬೇಕು. ಎಂಟು ವರ್ಷದ ಹಿಂದೆ ನಾನು ಹೊರಗಿನವರ ಇಸವಿ ಹಾಕಿದ್ದಕ್ಕೆ ಕೆಂಪು ಶಾಯಿಯಲ್ಲಿ ಷರಾ ಬರೆದು ಕಳಿಸಿದ್ರು. ‘ನಾವು ಯಾರ ವಸಾಹತೂ ಆಗಿರಲಿಲ್ಲ ಎಂಬುದನ್ನು ಕಾರ್ಯದರ್ಶಿಗಳು ನೆನಪಿಡತಕ್ಕದ್ದು.’

ಪ್ರಯೂನ್: ಯಾವ ಮಹಾನುಭಾವ ಬರೆದಿದ್ದು?

ಲಮ್ಯಾಯ್ ಎದ್ದು, ಕೈ ತೊಳೆದು, ಮೂರನೆಯ ಕಪಾಟಿನಿಂದ ಕಡತ ತಂದು ಬಿಚ್ಚಿಟ್ಟರು. ಪ್ರಯೂನ್ ಆ ಷರಾದ ಕೆಳಗಿನ ಸಹಿಯನ್ನು ನೋಡಿದರು. ಬಹಳ ಪರಿಚಯದ ಸಹಿ. ಕಡತವನ್ನು ತಾವೇ ಮುಚ್ಚಿದರು.

ಪ್ರಯೂನ್: ಹೋಗಲಿ ಬಿಡಿ. ಈಗ ಹೊಸ ಪತ್ರ ಬರೀರಿ. ಗರುಡ ಬೇಡ, ಬಿಳಿ ಕಾಗದ ಸಾಕು.

ಲಮ್ಯಾಯ್: ವರ್ಷ?

ಪ್ರಯೂನ್: ಇದರಲ್ಲೂ ಪ್ರಶ್ನೆ ಇದೆಯಾ? ಪತ್ರದಲ್ಲಿ ಎಲ್ಲೆಲ್ಲಿ ವರ್ಷ ಇದೆಯೋ ಅಲ್ಲೆಲ್ಲ ಐನೂರ ನಲವತ್ತಮೂರು ಕಳೀರಿ. ಒಂದನ್ನೂ ಬಿಡಬೇಡಿ.

ಲಮ್ಯಾಯ್: ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ.

ಪ್ರಯೂನ್: ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ. ಇದಕ್ಕೂ ಷರಾ ಬರೆದುಕೊಡಬೇಕಾ?

ಲಮ್ಯಾಯ್: ಬೇಡ. ನಿಮ್ಮ ಷರಾಗಳು ನನಗೆ ಆಗಿಬರಲ್ಲ.

ಪತ್ರ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು. ತರಗತಿಗೆ ಹೊತ್ತಾದ್ದರಿಂದ ಪ್ರಯೂನ್ ನಿಂತಲ್ಲೇ ಸಹಿ ಹಾಕಿ ಓಡಿದರು. ಪತ್ರ ಅಂದೇ ಈಮೇಲಿನಲ್ಲಿ ಮಲಾವಿ ಸೇರಿತು. ಉತ್ತರವೂ ಮರುದಿನ ಬೆಳಿಗ್ಗೆ ಅಷ್ಟೇ ಚುರುಕಾಗಿ ಬಂತು. ಪ್ರಯೂನ್ ಅದರ ಪ್ರತಿಯನ್ನು ಹಿಡಿದುಕೊಂಡು, ಚಪ್ಪಲಿಯನ್ನು ಬಾಗಿಲಲ್ಲಿ ಬಿಡುವುದನ್ನೂ ಮರೆತು ಕಚೇರಿಯೊಳಗೆ ನುಗ್ಗಿದರು.

ಪ್ರಯೂನ್: ಡಾಕ್ಟರ್ ಮ್ವಾಲೆ ಯಾವಾಗ ಹುಟ್ಟಿದ್ದು, ಪೀ ಲಮ್ಯಾಯ್?

ಲಮ್ಯಾಯ್: 1433.

ಪ್ರಯೂನ್: ಪಾಸ್‌ಪೋರ್ಟ್ ಎಲ್ಲೀವರೆಗೆ?

ಲಮ್ಯಾಯ್: 1488. ಎಲ್ಲದರಲ್ಲೂ ಕಳೆದಿದೀನಿ. ಒಂದನ್ನೂ ಬಿಟ್ಟಿಲ್ಲ.

ಪ್ರಯೂನ್: ಆಕೆ ಹುಟ್ಟಿದ ವರ್ಷ ಮೊದಲೇ ಹೊರಗಿನವರ ಲೆಕ್ಕದಲ್ಲಿತ್ತು. ಅದರಲ್ಲಿ ಯಾಕೆ ಕಳೆದಿರಿ?

ಲಮ್ಯಾಯ್: ಅದು ಹಾಗಿತ್ತು ಅಂತ ನಿನ್ನೆಯೇ ನನಗೆ ಗೊತ್ತಿತ್ತು, ಅಜಾನ್. ನಿಮಗೂ ಗೊತ್ತಿರುತ್ತೆ ಅಂದುಕೊಂಡೆ. ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಂಡ್ರಿ. ಅದಿರಲಿ, ಲೆಕ್ಕ ಹಾಕಿ ನೋಡಿ. ಹಳೇ ಪತ್ರದಲ್ಲಿ ಆಕೆಗೆ 592 ವರ್ಷ. ಹೊಸದರಲ್ಲೂ 592. ಅತಿಥಿಗಳ ವಯಸ್ಸಿಗೆ ನಾನು ಒಂದು ದಿನವನ್ನೂ ಸೇರಿಸಿಲ್ಲ.

ಪ್ರಯೂನ್‌ಗೆ ನಗು ಬರುವಂತಿತ್ತು, ಬರಗೊಡಲಿಲ್ಲ. ಕೈಯಲ್ಲಿದ್ದ ಪ್ರತಿಯನ್ನು ಮೇಜಿನ ಮೇಲಿಟ್ಟು, ಅದರ ಕೆಳಗಿನ ನಾಲ್ಕು ಸಾಲುಗಳನ್ನು ಓದಿದರು. ಡಾಕ್ಟರ್ ಮ್ವಾಲೆ ಬೇಸರವಿಲ್ಲದೆ ಬರೆದಿದ್ದರು. ಎರಡನೆಯ ಅರ್ಜಿಯೂ ವಾಪಸು ಬಂದಿದೆ, ಇನ್ನು ಮೂರನೆಯದನ್ನು ಹಾಕಲು ಕಾಲವಿಲ್ಲ. ಲಾವೋಸಿನಲ್ಲಿ ನದಿಯ ಬಸವನಹುಳುಗಳನ್ನು ಹುಡುಕುವ ಕೆಲಸಕ್ಕೆ ಕಾಗದಪತ್ರ ಹಿಂದೆಯೇ ಆಗಿರುವುದರಿಂದ ನೇರವಾಗಿ ಅಲ್ಲಿಗೇ ಹೋಗುತ್ತಿದ್ದಾರೆ. ಗುರುವಾರ ನದಿಯ ಆಚೆ ದಡದಲ್ಲೇ ಇರುತ್ತಾರೆ. ಅಲ್ಲಿಂದ ಕೈ ಬೀಸುತ್ತಾರಂತೆ.

ಪ್ರಯೂನ್: ಮುಗೀತು. ಮೂವತ್ತೊಂದು ವರ್ಷ ಮಾಡಿ, ಕೊನೆಗೆ ದಡದಲ್ಲಿ ನಿಂತು ಕೈ ಬೀಸಿ ಮನೆಗೆ ಹೋಗೋದು.

ಈ ಮಾತಿನಲ್ಲಿ ಕುಹಕವಿರಲಿಲ್ಲ. ಲಮ್ಯಾಯ್ ಕನ್ನಡಕದ ಮೇಲಿನಿಂದ ಅವರನ್ನೊಮ್ಮೆ ನೋಡಿದರು. ಆಮೇಲೆ ಕೆಳಗಿನ ಖಾನೆಯಿಂದ ನಿಯಮಾವಳಿಯ ಪುಸ್ತಕ ತೆಗೆದು, ಬೆರಳಿಟ್ಟು ಓದತೊಡಗಿದರು.

ಲಮ್ಯಾಯ್: ‘ವಿದೇಶಿ ವಿದ್ವಾಂಸರು ಕನಿಷ್ಠ ಒಬ್ಬರು ಖುದ್ದಾಗಿ ಹಾಜರಿರತಕ್ಕದ್ದು.’

ಪ್ರಯೂನ್: ಗೊತ್ತು. ಗಾಯದ ಮೇಲೆ ಉಪ್ಪು ಯಾಕೆ ಸವರ್ತೀರಿ?

ಲಮ್ಯಾಯ್: ಎಲ್ಲಿ ಹಾಜರಿರಬೇಕು ಅಂತ ಬರೆದಿಲ್ಲ.

ಪ್ರಯೂನ್: ಅಂದರೆ?

ಲಮ್ಯಾಯ್: ಆಕೆ ಈಚೆ ಬರೋ ಹಾಗಿಲ್ಲ. ನಾವು ಆಚೆ ಹೋಗಬಹುದಲ್ಲ. ಅಲ್ಲಿನ ಶಾಲೆಯ ಹೆಡ್‌ಮಾಸ್ಟರು ನಮ್ಮ ದೊಡ್ಡಪ್ಪನ ಮಗ. ಹಾಲ್ ಇದೆ, ಫ್ಯಾನ್ ಇದೆ. ಫ್ಯಾನ್ ತಿರುಗುತ್ತೆ ಅಂತ ನಾನು ಹೇಳಲ್ಲ.

ಪ್ರಯೂನ್ ನಿಧಾನವಾಗಿ ಎದ್ದು ನಿಂತರು.

ಪ್ರಯೂನ್: ನಾವು ಆಚೆ ಹೋದರೆ ಅಲ್ಲಿ ವಿದೇಶಿಯರು ಯಾರು?

ಲಮ್ಯಾಯ್: ನಾವೇ. ಮೂವತ್ತೆಂಟು ಜನ ಮೇಷ್ಟ್ರು, ಜೊತೆಗೆ ನೀವು. ಮ್ವಾಲೆಯವರನ್ನೂ ಸೇರಿಸಿದರೆ ನಲವತ್ತು. ನಿಯಮ ಒಬ್ಬರನ್ನ ಕೇಳುತ್ತೆ, ನಾವು ನಲವತ್ತು ಕೊಡ್ತೀವಿ. ಇಷ್ಟು ಅಂತರರಾಷ್ಟ್ರೀಯವಾದ ಸಮ್ಮೇಳನ ರಾಜಧಾನಿಯಲ್ಲೂ ಆಗಿರಲಾರದು.

ಪ್ರಯೂನ್ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡರು. ಲಮ್ಯಾಯ್ ಅದನ್ನು ಕಂಡೂ ಕಾಣದವರಂತೆ, ಹಿಂದಿನ ಕಪಾಟಿನಿಂದ ಒಂದು ಕಟ್ಟು ಫಾರಂ ತೆಗೆದರು. ದೋಣಿಯಲ್ಲಿ ನದಿ ದಾಟುವ ಊರವರೆಲ್ಲ ಜಿಲ್ಲಾ ಕಚೇರಿಗೆ ಕೊಡುವ ಗಡಿ ಪಾಸಿನ ಅರ್ಜಿಗಳು ಅವು.

ಲಮ್ಯಾಯ್: ಮೊದಲು ನಿಮ್ಮದು ತುಂಬ್ತೀನಿ. ಹೋಗುವ ಉದ್ದೇಶ?

ಪ್ರಯೂನ್: ಬರೀರಿ. ಅಂತರರಾಷ್ಟ್ರೀಯ ಸಮ್ಮೇಳನ.

ಲಮ್ಯಾಯ್ ಪೆನ್ನು ಕೆಳಗಿಟ್ಟರು.

ಲಮ್ಯಾಯ್: ಹಾಗೆ ಬರೆದರೆ ಆಚೆಯವರು ಆಹ್ವಾನ ಪತ್ರ ಕೇಳ್ತಾರೆ. ವಾಪಸು ಬರೋ ಟಿಕೆಟ್ ಕೇಳ್ತಾರೆ. ಹೋಟೆಲ್ ಚೀಟಿ ಕೇಳ್ತಾರೆ. ಆರು ತಿಂಗಳು ತಿರುಗಾಡಿಸ್ತಾರೆ.

ಪ್ರಯೂನ್: ಮತ್ತೆ ಊರವರೆಲ್ಲ ಏನು ಬರೀತಾರೆ?

ಲಮ್ಯಾಯ್: ಸಂತೆಗೆ ಅಂತ. ಸಂತೆಗೆ ಹೋಗೋರನ್ನ ಯಾರೂ ಏನೂ ಕೇಳಲ್ಲ.

ಪ್ರಯೂನ್: ಮೂವತ್ತೊಂಬತ್ತು ಜನ ಮೇಷ್ಟ್ರು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಒಂದೇ ದಿನ ಸಂತೆಗಾ? ಏನು ಕೊಳ್ಳೋಕೆ ಅಂತ ಕೇಳಿದರೆ?

ಲಮ್ಯಾಯ್: ಬಸವನಹುಳು ನೋಡೋಕೆ ಅನ್ನಿ. ಅದಂತೂ ಸುಳ್ಳಲ್ಲ.

ಅವರು ಬರೆದು ಮುಗಿಸಿ ಫಾರಮನ್ನು ಮುಂದೆ ಸರಿಸಿದರು. ಪ್ರಯೂನ್ ಈ ಬಾರಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ಓದಿ, ಆಮೇಲೆ ಸಹಿ ಹಾಕಿದರು.

ಲಮ್ಯಾಯ್: ಪ್ರೊಫೆಸರ್ ಆಗೋಕೆ ಹೊರಟಿದೀರಿ, ಅಜಾನ್. ಕೈಯಲ್ಲೊಂದು ಚೀಲ ಇರಲಿ.