ಬಾಡೂಟದ ದಿನ ಹಚ್ಚಿದ ಕ್ರೀಮು

ಮುಪ್ಪು ಹೇಳದೆ ಕೇಳದೆ ಬರುತ್ತದೆ ಎನ್ನುವುದು ಹಿರಿಯರ ಮಾತು. ನನಗೆ ಮಾತ್ರ ಅದು ಹೇಳಿಯೇ ಬಂತು. ಹೇಳಿದವಳು ನನ್ನ ಹೆಂಡತಿ ರತ್ನಮ್ಮ. ಜೋಗಿಮಟ್ಟಿ ಕಡೆ ವಾಕಿಂಗ್ ಮುಗಿಸಿ ಬಂದು ಕಾಫಿ ಲೋಟ ಹಿಡಿದು ಕೂತಿದ್ದೆ. ನನ್ನ ಮುಖವನ್ನೇ ದಿಟ್ಟಿಸುತ್ತಿದ್ದವಳು, "ನಿಮ್ ಮುಖ ನೋಡ್ತಿದ್ರೆ ನೀರು ಬತ್ತಿದ ಕೆರೆ ಅಂಗಳ ನೋಡ್ದಂಗೆ ಆಗ್ತೈತೆ ಕಣ್ರೀ" ಎಂದಳು. ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹಿರಿಯೂರಿನ ಎರೆಹೊಲ, ಹೊಳಲ್ಕೆರೆ ಕಡೆಯ ತೋಟ, ಬಿ.ದುರ್ಗದ ಬದು, ಎಲ್ಲವನ್ನೂ ಬರಿತಲೆಯಲ್ಲಿ ನಿಂತು ಅಳೆದಿದ್ದೇನೆ. ಯಾರಾದರೂ ಛತ್ರಿ ಹಿಡಿಯಲು ಬಂದರೆ "ಬಿಸಿಲು ನನ್ನ ಖಾಸಾ ದೋಸ್ತು ಕಣಯ್ಯ" ಎಂದು ಮೀಸೆ ತಿರುವುತ್ತಿದ್ದೆ. ನಾನು ಊರ ಹೊಲಗಳನ್ನು ಅಳೆಯುತ್ತಿದ್ದಾಗ ಆ ದೋಸ್ತು ನನ್ನ ಮುಖವನ್ನೇ ಅಳೆದು, ಗೆರೆ ಎಳೆದು, ಎಡಗೆನ್ನೆಯ ಮೇಲೆ ಹೊಲದ ಗಡಿಗೆ ನೆಡುವಂಥ ಒಂದು ಕಪ್ಪು ಬಾಂದುಕಲ್ಲನ್ನೂ ನೆಟ್ಟು ಹೋಗಿದ್ದ.

ಆ ಬಾಂದುಕಲ್ಲೇ ನನ್ನ ನಿದ್ದೆ ಕೆಡಿಸಿದ್ದು. ಕಡಲೆಕಾಳಿನಷ್ಟಿದ್ದ ಕಲೆ ಹುಣಸೆ ಬೀಜದಷ್ಟಾಗಿತ್ತು. ಮನಸ್ಸಿಗೆ ಬಾರದ ರೋಗದ ಹೆಸರಿರಲಿಲ್ಲ. ಕೊನೆಗೆ ರತ್ನಮ್ಮನೇ ನಮ್ಮೂರು ದುರ್ಗದಲ್ಲೇ ಇರುವ ಚರ್ಮದ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಮಗಳ ವಯಸ್ಸಿನ ಆ ಡಾಕ್ಟರಮ್ಮ ಕನ್ನಡಿಯಂಥದ್ದೇನನ್ನೋ ಕೆನ್ನೆಗೆ ಒತ್ತಿ ನೋಡುತ್ತಿದ್ದಷ್ಟು ಹೊತ್ತೂ ನಾನು ಮನೆದೇವರ ಜೊತೆಗೆ ಅಕ್ಕಪಕ್ಕದವರ ದೇವರನ್ನೂ ನೆನೆದೆ. "ಏನೂ ಇಲ್ಲ ಅಂಕಲ್. ಬಿಸಿಲು ಮತ್ತು ವಯಸ್ಸು, ಅಷ್ಟೇ. ಚರ್ಮ ಒಣಗಿದೆ. ಸ್ನಾನ ಆದ ಕೂಡಲೇ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್. ಕಲೆ ದೊಡ್ಡದಾದರೆ, ಬಣ್ಣ ಬದಲಾದರೆ ಬಂದು ತೋರಿಸಿ" ಎಂದರು. ಹೊರಗೆ ಬಂದವನೇ ಆಸ್ಪತ್ರೆಯ ಮುಂದಿನ ಗಾಡಿಯಲ್ಲಿ ಮಿರ್ಚಿ ತಿಂದೆ. ಬದುಕಿದೆ ಅನ್ನಿಸಿದಾಗ ನಮ್ಮ ಕಡೆಯವರಿಗೆ ಮೊದಲು ಆಗುವುದು ಹಸಿವು.

ಆದರೆ ಹೊಲ ಕೊಳ್ಳುವುದು ಸುಲಭ, ಕ್ರೀಮು ಕೊಳ್ಳುವುದು ಕಷ್ಟ. ನಮ್ಮಜ್ಜಿಯ ಕಾಲಕ್ಕೆ ಚಳಿಗೆ ಹರಳೆಣ್ಣೆ, ಬಿಸಿಲಿಗೆ ಸೆರಗು, ಅಲ್ಲಿಗೆ ಮುಗಿಯಿತು. ಮೆಡಿಕಲ್ ಶಾಪಿನವನು ನನ್ನ ಮುಂದೆ ಒಂದು ಸಂತೆಯನ್ನೇ ಹರಡಿದ. ಜೆಲ್ಲು, ಲೋಷನ್ನು, ಕ್ರೀಮು. ಮೊಡವೆಯ ಮುಖಕ್ಕೊಂದು, ಎಣ್ಣೆ ಮುಖಕ್ಕೊಂದು. ಎಣ್ಣೆ ಮುಖ ಕಂಡು ನನಗೆ ಯಾವ ಕಾಲವಾಯಿತೋ! ಡಾಕ್ಟರಮ್ಮ ಹೇಳಿದಂತೆ ಘಮಘಮ ಅನ್ನದ, ಗಟ್ಟಿಯಾದ ಮಾಯಿಶ್ಚರೈಸರ್ ಒಂದನ್ನು ಆರಿಸಿದೆ. ಸನ್‌ಸ್ಕ್ರೀನಿನ ಹತ್ತಿರ ಬಂದಾಗ ನನ್ನೊಳಗಿನ ಸರ್ವೆಯರ್ ಎದ್ದು ಕೂತ. ಬಿಸಿಲು ತಡೆಯುವ ಎಸ್‌ಪಿಎಫ್ ಅಂಕಿ ಮೂವತ್ತಕ್ಕೆ ಕಮ್ಮಿ ಬೇಡ ಅಂದಿದ್ದರು ಡಾಕ್ಟರಮ್ಮ, ನಾನು ಐವತ್ತರದ್ದನ್ನೇ ಹಿಡಿದೆ. "ಮೈಬಣ್ಣದ್ದೂ ಐತೆ ಸಾರ್, ಹಚ್ಚಿದ್ದೇ ಗೊತ್ತಾಗಲ್ಲ" ಎಂದ ಅಂಗಡಿಯವನು. "ಬಣ್ಣ ಹಚ್ಚಾಕೆ ನಾನೇನು ನಾಟಕದೋನೇನಪ್ಪ? ಬಿಳೀದೇ ಕೊಡು" ಎಂದೆ. ಗೋಡೆಗೆ ಸುಣ್ಣ ಹೊಡೆದರೆ ಹೊಡೆದದ್ದು ಕಾಣಬೇಕು ಎಂಬುದು ನನ್ನ ಸಿದ್ಧಾಂತ. ರತ್ನಮ್ಮ ಏನೋ ಹೇಳಲು ಬಾಯಿ ತೆರೆದಳು. ಅದಕ್ಕೆ ಮೊದಲೇ ನಾನು ಅವಳಿಂದ ಆಣೆ ಮಾಡಿಸಿಕೊಂಡೆ: ನಾನು ಮುಖಕ್ಕೆ ಕ್ರೀಮು ಹಚ್ಚುವ ಸಂಗತಿ ಅವಳ ತವರಿಗೆ ಮಾತ್ರ ತಿಳಿಯಕೂಡದು. ಮೀಸೆ ತಿರುವಿದ್ದೆಲ್ಲ ಹೆಚ್ಚಾಗಿ ಅಲ್ಲೇ ಅಲ್ಲವೇ!

ಅವಳ ತವರು ಹೊಸದುರ್ಗದ ಆಚೆ, ಮಾಡದಕೆರೆಯ ಹತ್ತಿರ. ಕುರಿ ಸಾಕುವ ಮನೆ. ಬಾಮೈದ ಹನುಮಂತಪ್ಪನ ಮೊಮ್ಮಗನಿಗೆ ಜವಳ ತೆಗೆಸುವ ಕಾರ್ಯವಿತ್ತು. ಕೂಸಿನ ಮೊದಲ ಕೂದಲು ದೇವರಿಗೆ, ಮನೆಯ ಟಗರು ನೆಂಟರಿಗೆ. ರತ್ನಮ್ಮ ಮುಂಚಿತವಾಗಿಯೇ ಹೋಗಿದ್ದಳು. ಊಟ ಬಯಲಿನಲ್ಲಿ, ಬೇವಿನ ಮರದಡಿ ಎಂದು ಗೊತ್ತಿದ್ದ ನಾನು ಬಸ್‌ಸ್ಟ್ಯಾಂಡಿನಲ್ಲೇ ಕನ್ನಡಿ ಇಲ್ಲದೆ ಆ ಬಿಳಿ ಕ್ರೀಮನ್ನು ಧಾರಾಳವಾಗಿ ಮೆತ್ತಿಕೊಂಡು ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಬೆವರು ಹರಿಯುತ್ತಿತ್ತು, ಟವಲಿನಿಂದ ಒರೆಸಿಕೊಳ್ಳುತ್ತಾ ನಿಂತೆ. ಸ್ವಲ್ಪ ದೂರ ಹೋದ ಮೇಲೆ ದಪ್ಪ ಮೀಸೆಯ ಆಸಾಮಿಯೊಬ್ಬ ನನ್ನನ್ನು ನೋಡಿದವನೇ ಎದ್ದು ನಿಂತು, "ಬರ್ರಿ ಅಜ್ಜಾರೆ, ಕುಂತ್ಕಳ್ರಿ" ಎಂದು ಕೈಮುಗಿದ. ಸರ್ಕಾರಿ ಸೇವೆಯ ಗಾಂಭೀರ್ಯ ನಿವೃತ್ತಿಯ ಮೇಲೂ ಮುಖದಲ್ಲಿ ಉಳಿಯುತ್ತದೆಂದು ನಾನು ಹೆಮ್ಮೆಯಿಂದ ಕೂತೆ.

ಬೇವಿನ ಮರದಡಿ ನಮ್ಮತ್ತೆಯೂ ನನ್ನ ಮುಖ ನೋಡಿ ಕೈಮುಗಿದರು. ಅತ್ತೆ ಅಳಿಯನಿಗೆ ಕೈಮುಗಿಯುವುದುಂಟೇ? ಯೋಚಿಸುವಷ್ಟರಲ್ಲಿ ಬಾಡಿನ ಸಾರಿನ ಘಮ ಬಂದು ಯೋಚನೆಯನ್ನು ಹೊತ್ತೊಯ್ದಿತು. ಎಲ್ಲರ ಸಾಲಿನಲ್ಲಿ ಕೂರಲು ಹೋದೆ. ಅತ್ತೆ ತಡೆದು, ದೂರದಲ್ಲಿ ಒಂಟಿ ಚಾಪೆ ಹಾಸಿಸಿದರು. "ಅಳಿಯಂದ್ರು ವ್ರತದಾಗವ್ರೆ ಕಣ್ರೇ. ಆ ಬಾಡಿನ್ ಬಕೀಟು ಅತ್ಲಾಗೆ ಒಯ್ಯಿರಿ!" ನನ್ನ ಎಲೆಗೆ ಬಿದ್ದದ್ದು ಕುಂಬಳಕಾಯಿ ಪಲ್ಯ, ತಿಳಿಸಾರು. ಕಕ್ಕಾಬಿಕ್ಕಿಯಾಗಿ ಹಣೆ ಮುಟ್ಟಿಕೊಂಡೆ. ಬೆರಳಿಗೆ ಬಿಳಿಯದು ಹತ್ತಿತು. ಆಗ ಅರ್ಥವಾಯಿತು. ಒರೆಸಿದ ಕಡೆಯೆಲ್ಲ ಕ್ರೀಮು ಹೋಗಿ, ಹಣೆಯ ಮೂರು ಸುಕ್ಕುಗಳಲ್ಲಿ ಮಾತ್ರ ತುಂಬಿಕೊಂಡು, ಅಚ್ಚುಕಟ್ಟಾದ ಮೂರು ಪಟ್ಟೆ ವಿಭೂತಿಯಾಗಿತ್ತು! ಅತ್ತ ನೋಡಿದರೆ ರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುತ್ತಿದ್ದಾಳೆ. ಆಣೆ ಹಾಕಿಸಿಕೊಂಡವನು ನಾನೇ, ಅವಳಾದರೂ ಹೇಗೆ ಬಾಯಿ ಬಿಟ್ಟಾಳು!

ನಿಜ ಹೇಳಿದರೆ ಮೀಸೆ ಹೋಗುತ್ತದೆ, ಹೇಳದಿದ್ದರೆ ಟಗರು ಹೋಗುತ್ತದೆ. ಕುಂಬಳಕಾಯಿ ಹೋಳನ್ನು ಎಲೆಯ ಮೇಲೆ ಅತ್ತಿಂದಿತ್ತ ಓಡಾಡಿಸುತ್ತಾ, ಮೀಸೆಯೇ ಉಳಿಯಲಿ ಎಂದು ಕಣ್ಣಲ್ಲಿ ನೀರು ತಂದುಕೊಂಡು ತೀರ್ಮಾನಿಸಿದೆ. ಅಷ್ಟರಲ್ಲಿ ಅತ್ತೆ ಬೋಳುತಲೆಯ ಕೂಸನ್ನು ಎತ್ತಿಕೊಂಡು ಬಂದರು. "ಅಳಿಯಾರೆ, ನಿಮ್ ಹಣೆ ವಿಭೂತೀನೇ ಒಂಚೂರು ಈ ಕೂಸಿಗೆ ಹಚ್ಚಿ ಆಶೀರ್ವಾದ ಮಾಡ್ರಿ. ವ್ರತದೋರ ಕೈಗುಣ."

ಮನುಷ್ಯರ ಮುಂದೆ ಮೀಸೆ ತಿರುವಬಹುದು, ಶಿವನ ಮುಂದೆ ಆಗುತ್ತದೆಯೇ? ಎತ್ತಿದ ಕೈ ಅಲ್ಲೇ ನಿಂತಿತು. "ಅತ್ತೆ, ಇದು ವಿಭೂತಿ ಅಲ್ಲ. ಮುಖಕ್ಕೆ ಹಚ್ಚೋ ಕ್ರೀಮು" ಎಂದೆ. ಬಡಿಸುವವರ ಸೌಟು ನಿಂತಿತು.

"ಏನ್ ಭಾವ, ಬಿಸಿಲು ನಿಮ್ ದೋಸ್ತು ಅಂತಿದ್ರಲ್ಲ?" ಎಂದ ಹನುಮಂತಪ್ಪ.

"ದೋಸ್ತಿ ಬಿಟ್ಟಿದೀನಿ ಕಣೋ. ಡಾಕ್ಟ್ರು ಬಿಡ್ಸವ್ರೆ" ಎಂದು ಕಲೆಯ ಕತೆ, ಹೆದರಿದ ಕತೆ ಎಲ್ಲ ಹೇಳಿದೆ. ಬೇವಿನ ಮರದ ಎಲೆ ಉದುರುವಂತೆ ನಗು ಎದ್ದಿತು. ಅತ್ತೆ ಒಬ್ಬರು ಮಾತ್ರ ನಗಲಿಲ್ಲ. ಒರಟು ಬೆರಳಿನಿಂದ ನನ್ನ ಕೆನ್ನೆ ಸವರಿ, "ಡಾಕ್ಟ್ರು ಏನೂ ಇಲ್ಲ ಅಂದ್ರಾ? ನಿಜ ತಾನೇ? ನಮಗೂ ಹೇಳ್ದೆ ಹರಕೆ ಹೊತ್ತವ್ನೆ, ನನ್ ಮಗಳ ಮನೇಲಿ ಏನ್ ಕಷ್ಟ ಬಂತೋ ಅಂತ ಆವಾಗಿಂದ ಎದೆ ಡವಡವ ಅಂತಿತ್ತು ಕಣಪ್ಪ" ಎಂದರು. ಬಹುವಚನ ಬಿಟ್ಟು ಅವರು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ಮರುಗಳಿಗೆಯಲ್ಲೇ ತಿರುಗಿ, "ಲೇ, ನೋಡ್ತಾ ಏನ್ ನಿಂತಿದೀರಾ? ಆ ಕುಂಬ್ಳಕಾಯಿ ತೆಗೀರಿ, ನನ್ ಅಳಿಯನಿಗೆ ಬಾಡು ಹಾಕ್ರಲೇ!" ಎಂದು ಗುಡುಗಿದರು.

ಅಂದು ತಿಂದ ಟಗರಿನ ರುಚಿಯನ್ನು ಬರೆಯಲು ನನಗೆ ಬರುವುದಿಲ್ಲ. ಊಟವಾದ ಮೇಲೆ ಹನುಮಂತಪ್ಪ ನನ್ನನ್ನು ಕುರಿಹಟ್ಟಿಯ ಮರೆಗೆ ಕರೆದೊಯ್ದು, ಸುತ್ತಮುತ್ತ ನೋಡಿ, ಬಿಸಿಲಿಗೆ ಸುಟ್ಟು ಬಿರಿದ ಕತ್ತು ತೋರಿಸಿ, "ಭಾವ, ಅದು ಒಂಚೂರು ಐತಾ?" ಎಂದ. ಹಚ್ಚಿದೆ. ಹಿಂದೆಯೇ ಇನ್ನಿಬ್ಬರು ನೆಂಟರು ಕತ್ತು ಬಗ್ಗಿಸಿ ನಿಂತಿದ್ದರು.

ದುರ್ಗಕ್ಕೆ ಮರಳಿದ ಮೇಲೆ ಹೋಗಿ ಮೈಬಣ್ಣದ ಸನ್‌ಸ್ಕ್ರೀನನ್ನೇ ತಂದೆ. ಅಂಗಡಿಯವನು ಹೇಳಿದ್ದು ನಿಜ, ಹಚ್ಚಿದ್ದು ನನ್ನ ಹೆಂಡತಿಗೂ ಗೊತ್ತಾಗುವುದಿಲ್ಲ. ಮುಖ ಈಗ ಮಳೆ ಕಂಡ ಕೆರೆಯಂಗಳ. ಕಲೆ ಇದ್ದಲ್ಲೇ ತೆಪ್ಪಗಿದೆ. ಒಂದೇ ತೊಂದರೆ. ಮೊನ್ನೆ ಹಿರಿಯೂರಿಗೆ ಹೋಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಹೋದೆ, ಒಬ್ಬನೂ ಏಳಲಿಲ್ಲ. ಆದ್ದರಿಂದ ಆ ಬಿಳಿಯ ಟ್ಯೂಬನ್ನು ನಾನಿನ್ನೂ ಎಸೆದಿಲ್ಲ. ಶಿವ ಕ್ಷಮಿಸಲಿ, ಮಂಡಿನೋವು ಇರುವವನ ಕಷ್ಟ ಅವನಿಗೂ ಗೊತ್ತಿರಬೇಕು. ಬ್ಯಾಗಿನಲ್ಲಿ ಎರಡೂ ಇವೆ: ಬಾಡೂಟಕ್ಕೆ ಹೋಗುವಾಗ ಮೈಬಣ್ಣದ್ದು, ಬಸ್ಸು ರಶ್ಶಿದ್ದಾಗ ಬಿಳಿಯದು.